ಬೇಡಿಕೆಯೂ ವಿಶ್ವಾಸವೂ

ಅನ್ನ, ನೀರು, ಬಟ್ಟೆ, ಆರೋಗ್ಯ, ಇವುಗಳಲ್ಲಿ ಒಂದು ತಪ್ಪಿದರೂ ಮನುಷ್ಯನ ಬಾಳು ಸಾಗದು. ಆದರೆ ಇವೆಲ್ಲವೂ ದೊರೆತ ಮೇಲೂ ತುಂಬದ ಕೊರತೆಯೊಂದು ನಮ್ಮೊಳಗೆ ಉಳಿದಿರುತ್ತದೆ. ಅದನ್ನು ದೇವರು ತುಂಬುವನೆಂದು ಕ್ರೈಸ್ತರು ನಂಬುತ್ತಾರೆ. ಈ ನಂಬಿಕೆಯ ಅರ್ಥವೇನು, ಕಷ್ಟಕಾಲದಲ್ಲಿ ಅದು ನಿಲ್ಲುವುದೆ, ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ವಿವರಿಸಲು ಯತ್ನಿಸುತ್ತೇನೆ.

ನನ್ನ ಊರು ಸಿರುಗುಪ್ಪ ತಾಲ್ಲೂಕಿನ ರಾರಾವಿ. ಕೊರತೆ ಎಂಬುದು ನಮ್ಮ ಸೀಮೆಗೆ ಹೊಸದಲ್ಲ. 1876-78ರ ಮಹಾಕ್ಷಾಮದಲ್ಲಿ ಬಳ್ಳಾರಿ ಜಿಲ್ಲೆಯ ಜನ ಪಟ್ಟ ಪಾಡು ಅಷ್ಟಿಷ್ಟಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನ ನೀರು ಹರಿಯಲು ತೊಡಗಿದ ಮೇಲೆ ಸಿರುಗುಪ್ಪದ ಕಡೆ ಬತ್ತದ ಗದ್ದೆಗಳಾದವು. ಆದರೂ ಕಾಲುವೆ ಮುಟ್ಟದ ಎರೆಹೊಲದ ರೈತ ಇಂದಿಗೂ ಮುಗಿಲು ನೋಡುತ್ತಾನೆ. ಇಂಥ ಬಯಲುಸೀಮೆಗೇ 1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಂದರು. ಬಳ್ಳಾರಿಯಲ್ಲಿ ನೆಲೆಸಿ, ಕನ್ನಡ ಕಲಿತು, ಬೈಬಲಿನ ಅನುವಾದಕ್ಕೆ ಕೈಹಾಕಿದರು. ನೀರಿಗಾಗಿ ಬಾಯಿಬಿಡುವ ನಾಡಿನಲ್ಲಿ ಆ ಗ್ರಂಥದ ಒಂದು ಕಥೆ ವಿಶೇಷವಾಗಿ ನಾಟುತ್ತದೆ.

ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದ ಕಥೆ ಅದು. ಸಮಾರ್ಯದ ಹೆಣ್ಣುಮಗಳೊಬ್ಬಳು ನಡುಮಧ್ಯಾಹ್ನ ಬಾವಿಗೆ ಬರುತ್ತಾಳೆ. ಹಳ್ಳಿಯಲ್ಲಿ ಬೆಳೆದ ನಮಗೆ ಗೊತ್ತು, ನೀರಿಗೆ ಹೆಂಗಸರು ಹೋಗುವುದು ಮುಂಜಾನೆ, ಇಲ್ಲವೆ ಸಂಜೆ. ಐದು ಮಂದಿ ಗಂಡಂದಿರ ಮಾತು ಎತ್ತಿ ಆಡುವ ನಾಲಗೆಗಳನ್ನು ತಪ್ಪಿಸಲೆಂದೇ ಅವಳು ಉರಿಬಿಸಿಲಿನಲ್ಲಿ ಬಂದಿರಬೇಕು. ಯೇಸು ಅವಳನ್ನು ನೀರು ಕೇಳುತ್ತಾನೆ. ಮಾತು ಬೆಳೆದಂತೆ ಅವಳ ಬಾಳೆಲ್ಲ ಅವನಿಗೆ ತಿಳಿದಿದೆಯೆಂಬುದು ಅವಳಿಗೆ ಗೊತ್ತಾಗುತ್ತದೆ. ತಿಳಿದೂ ಅವನು ಹಳಿಯುವುದಿಲ್ಲ. ಅವಳು ಕೊಡವನ್ನು ಅಲ್ಲಿಯೇ ಬಿಟ್ಟು, ಯಾರಿಗೆ ಅಂಜಿ ದೂರವಿದ್ದಳೋ ಅದೇ ಊರಿನವರ ಬಳಿಗೆ ಓಡುತ್ತಾಳೆ. ಬಂದದ್ದು ನೀರಿಗೆ, ಅವಳಿಗೆ ಬೇಕಾಗಿದ್ದುದು ತಿರಸ್ಕಾರವಿಲ್ಲದ ಒಂದು ನೋಟ. ಆಳದ ಅಗತ್ಯವೆಂದರೆ ಇದೇ.

ಆದರೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೇಲಿನ ಅಗತ್ಯವನ್ನೇ ತೀರಿಸದ ದೇವರನ್ನು ಆಳದ ಅಗತ್ಯಕ್ಕೆ ನಂಬುವುದು ಹೇಗೆ? ಕ್ಷಾಮದಲ್ಲಿ ಸತ್ತವರೆಲ್ಲ ವಿಶ್ವಾಸವಿಲ್ಲದವರೆ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. ಮೂರು ವರ್ಷಗಳ ಹಿಂದೆ ನನ್ನ ತಂದೆ ಮೂತ್ರಪಿಂಡದ ಬೇನೆಯಿಂದ ಹಾಸಿಗೆ ಹಿಡಿದರು. ಮನೆಮಂದಿಯೆಲ್ಲ ಪ್ರಾರ್ಥಿಸಿದೆವು. ಅವರು ಉಳಿಯಲಿಲ್ಲ. ನಾನು ಹಲವು ತಿಂಗಳು ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಒಂದು ರಾತ್ರಿ ಅವ್ವನ ಮೇಲೆಯೇ ರೇಗಿದೆ. ಅವಳು ಶಾಂತವಾಗಿ ಹೇಳಿದಳು: “ನಾ ಬೇಡಿದ್ದು ಸಿಗಲಿಲ್ಲ, ಖರೇ ಐತಪ್ಪ. ಆದ್ರ ನಿಮ್ಮಪ್ಪಗ ಕಡೀಕ ಅಂಜಿಕಿ ಹೋಗಿತ್ತು. ಅದನ್ನ ಯಾವ ಡಾಕ್ಟರು ಕೊಡ್ತಿದ್ದ?”

ಆ ಮಾತಿನ ಬೆಳಕಿನಲ್ಲಿ ಬೈಬಲನ್ನು ಮತ್ತೆ ಓದಿದೆ. ಪ್ರವಾದಿ ಹಬಕ್ಕೂಕನು ಹೊಲ ಬೆಳೆಯದಿದ್ದರೂ ಕೊಟ್ಟಿಗೆ ಬರಿದಾದರೂ ದೇವರಲ್ಲಿ ಆನಂದಿಸುವೆನೆನ್ನುತ್ತಾನೆ. ಬೆಳೆ ಬಂದೇ ಬರುತ್ತದೆಂದು ಅವನು ಹೇಳುವುದಿಲ್ಲ. ಗೆತ್ಸೇಮನೆ ತೋಟದಲ್ಲಿ ಯೇಸುವೂ ತನ್ನ ಸಂಕಟ ತೊಲಗಲೆಂದು ಬೇಡಿಕೊಂಡನು. ಅದು ತೊಲಗಲಿಲ್ಲ, ಅದನ್ನು ಎದುರಿಸುವ ಬಲ ಬಂದಿತು. ಆದುದರಿಂದ ವಿಶ್ವಾಸವೆಂಬುದು ಸಂತೆಯ ವ್ಯಾಪಾರವಲ್ಲ. ಇಷ್ಟು ಪ್ರಾರ್ಥನೆಗೆ ಇಷ್ಟು ಫಲವೆಂಬ ಲೆಕ್ಕ ಅಲ್ಲಿಲ್ಲ. ಕೈಬಿಡದವನೊಬ್ಬನು ಜೊತೆಗಿದ್ದಾನೆಂಬ ಭರವಸೆಯೇ ಅದರ ಜೀವ.

ಹಾಗೆಂದು ಆತ್ಮದ ಮಾತಾಡಿ ಹೊಟ್ಟೆಯ ಹಸಿವನ್ನು ಮರೆಸುವಂತಿಲ್ಲ. ಹಸಿದವನಿಗೆ ಅನ್ನವಿಕ್ಕದೆ ಬರಿಯ ಹಾರೈಕೆ ಹೇಳಿ ಕಳುಹಿಸುವ ನಂಬಿಕೆ ಸತ್ತ ನಂಬಿಕೆಯೆಂದು ಯಾಕೋಬನ ಪತ್ರಿಕೆ ಖಂಡಿಸುತ್ತದೆ. ದೇವರು ಅಗತ್ಯಗಳನ್ನು ತೀರಿಸುವುದು ಅನೇಕ ವೇಳೆ ನೆರೆಯವರ ಕೈಯಿಂದಲೇ. ತಂದೆ ತೀರಿಕೊಂಡ ಆ ವಾರವೆಲ್ಲ ನಮ್ಮ ಮನೆಗೆ ರೊಟ್ಟಿ ಬಂದದ್ದು ನೆರೆಮನೆಗಳಿಂದ. ಅವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ.

ನಮ್ಮೂರ ಬಳಿ ಹರಿಯುವ ವೇದಾವತಿಯನ್ನು ಜನ ಹಗರಿ ಎನ್ನುತ್ತಾರೆ. ಬೇಸಗೆಯಲ್ಲಿ ಕಣ್ಣಿಗೆ ಕಾಣುವುದು ಬರೀ ಮರಳು. ಆದರೆ ಬಲ್ಲವರು ಮರಳನ್ನು ತೋಡಿ ಒರತೆಯ ನೀರು ತೆಗೆಯುತ್ತಾರೆ. ಹೊಳೆ ಬತ್ತಿಲ್ಲವೆಂದು ಅವರು ಸುಳ್ಳು ಹೇಳುವುದಿಲ್ಲ. ಬತ್ತಿದ ಹೊಳೆಯಲ್ಲಿಯೂ ತೋಡುವುದನ್ನು ಬಿಡುವುದಿಲ್ಲ. ವಿಶ್ವಾಸವನ್ನು ಕುರಿತು ನಾನು ಕಲಿತದ್ದು ಇಷ್ಟೇ.