ದೇಹದ ದೂರು, ಮನದ ಬೇನೆ

ಚಿಕ್ಕಮಗಳೂರು ಜಿಲ್ಲೆಯ ಬುಕ್ಕಾಂಬುಧಿಯ ಸೀಮೆಯಲ್ಲಿ, ಅಡಿಕೆ ತೆಂಗಿನ ತೋಟದವರಾಗಲಿ ಮಳೆಯನ್ನೇ ನೆಚ್ಚಿದ ಹೊಲದವರಾಗಲಿ, ವೈದ್ಯರೆದುರು ಕುಳಿತು ತಮ್ಮ ಮನಸ್ಸು ಕಾಯಿಲೆ ಬಿದ್ದಿದೆಯೆಂದು ಬಾಯಿಬಿಟ್ಟು ಹೇಳಿಕೊಳ್ಳುವುದು ವಿರಳ. ಅವರು ಹೇಳಿಕೊಳ್ಳುವುದು ತಲೆಭಾರವನ್ನು, ಎದೆಯ ಮೇಲೆ ಏನೋ ಕೂತಂತಾಗುವುದನ್ನು, ಮೈಕೈ ಸೋತುಹೋಗುವುದನ್ನು. "ಊಟ ಸೇರಲ್ಲ, ನಿದ್ದೆ ಹತ್ತಲ್ಲ, ಯಾತರ ಮೇಲೂ ಆಸೆಯಿಲ್ಲ" ಎಂಬ ಮಾತಿನ ಕೊನೆಯ ತುಣುಕು ಬಹುಮಟ್ಟಿಗೆ ನಾಲಗೆಯ ತುದಿಯಲ್ಲಿಯೇ ನಿಂತುಬಿಡುತ್ತದೆ. ಅಜ್ಜಂಪುರದಲ್ಲೊಂದು ಚುಚ್ಚುಮದ್ದು, ತರೀಕೆರೆಯಲ್ಲೊಂದು ರಕ್ತಪರೀಕ್ಷೆ, ಶಿವಮೊಗ್ಗದಲ್ಲೊಂದು ಹೃದಯಪರೀಕ್ಷೆ, ಇವೆಲ್ಲ ಮುಗಿದು "ಏನೂ ಇಲ್ಲ, ಚೆನ್ನಾಗಿದ್ದೀರಿ" ಎಂಬ ಉತ್ತರ ದೊರೆತಾಗ, ನಿಜವಾಗಿ ನರಳುತ್ತಿರುವ ಆ ಜೀವಕ್ಕೆ ಸಮಾಧಾನಕ್ಕಿಂತ ಅವಮಾನವೇ ಹೆಚ್ಚಾಗುವುದು ಸಹಜ.

ಇದು ಸುಳ್ಳು ನೋವಲ್ಲ; ಮನದ ಬೇನೆ ಮೈಯ ದೂರಾಗಿ ಹೊರಬರುವುದಕ್ಕೆ ಕಾರಣವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಹೊರರೋಗಿ ವಿಭಾಗಕ್ಕೆ ಬಂದ 80 ಮಂದಿಯನ್ನು ಡಾ. ಆರ್. ರಘುರಾಮ್ ಮತ್ತು ಅವರ ಸಹೋದ್ಯೋಗಿಗಳು ವಿವರವಾಗಿ ಮಾತನಾಡಿಸಿ, ತಾವು ಕಂಡುದನ್ನು 1996ರಲ್ಲಿ ಪ್ರಕಟಿಸಿದರು. ಅವರಿಗೆ ಕಂಡದ್ದಿಷ್ಟು: ಖಿನ್ನತೆಯ ಲಕ್ಷಣಗಳು ಹೆಚ್ಚಿದಷ್ಟೂ ರೋಗಿಯ ಮನಸ್ಸಿನಲ್ಲಿ ಕಳಂಕದ ಭಯ ಹೆಚ್ಚಾಗಿತ್ತು; ದೈಹಿಕ ಲಕ್ಷಣಗಳು ಮೇಲುಗೈಯಾಗಿದ್ದ ಕಡೆ ಆ ಭಯ ಕಡಿಮೆಯಿತ್ತು. ಮೈನೋವು ಯಾರಿಗೂ ಬರಬಹುದಾದದ್ದು, ಅದನ್ನು ಹೇಳಿಕೊಂಡರೆ ನಾಲ್ಕು ಜನ ಮರುಗುತ್ತಾರೆ. ಮನಸ್ಸಿನ ಬೇಸರವನ್ನು ಹೇಳಿಕೊಂಡರೆ ಮನೆತನಕ್ಕೆ ಕುಂದು, ಮಕ್ಕಳ ಮದುವೆಗೆ ಅಡ್ಡಿ. ಊರಿನಲ್ಲಿ ಬಾಳಬೇಕಾದವರು ಹೀಗೆ ತೂಗಿ ನೋಡಿ, ಹೇಳಬಹುದಾದುದನ್ನು ಮಾತ್ರ ಹೇಳುವುದರಲ್ಲಿ ಅಜ್ಞಾನವೇನೂ ಇಲ್ಲ; ಆದರೆ ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ 20 ಮಂದಿಗೆ ಒಬ್ಬರಂತೆ ಬದುಕಿನಲ್ಲಿ ಎಂದಾದರೊಮ್ಮೆ ಖಿನ್ನತೆಗೆ ಒಳಗಾಗುತ್ತಾರೆ. ಹಾಗೆ ಒಳಗಾದ ನೂರರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ದೊರೆಯುವುದಿಲ್ಲ.

ದುಃಖವೆಲ್ಲವೂ ಖಿನ್ನತೆಯಲ್ಲ. ಫಸಲು ಕೆಟ್ಟಾಗ, ಹತ್ತಿರದವರು ತೀರಿಕೊಂಡಾಗ ಅಳುವುದು ಆರೋಗ್ಯದ ಲಕ್ಷಣವೇ ಸರಿ. ಕನಿಷ್ಠ ಎರಡು ವಾರಗಳ ಕಾಲ, ದಿನದ ಬಹುಭಾಗ, ಮನಸ್ಸು ಕುಗ್ಗಿಯೇ ಇರುವುದು ಅಥವಾ ಹಿಂದೆ ಪ್ರಿಯವಾಗಿದ್ದುದರಲ್ಲಿ ಆಸಕ್ತಿ ಬತ್ತಿಹೋಗುವುದು, ಇವುಗಳೊಡನೆ ನಿದ್ರೆ, ಹಸಿವು, ಶಕ್ತಿ, ಏಕಾಗ್ರತೆಗಳ ಕ್ಷಯ, ತಾನು ಯಾತಕ್ಕೂ ಬಾರದವನೆಂಬ ಭಾವ, ಸಾವಿನ ಯೋಚನೆ, ಇವುಗಳಲ್ಲಿ ಹಲವು ಕೂಡಿ ಬಂದು ನಿತ್ಯದ ಬಾಳು ನಿಂತಂತಾದರೆ ವೈದ್ಯರು ಅದನ್ನು ರೋಗವೆಂದು ಗಣಿಸುತ್ತಾರೆ. ವಂಶದಿಂದ ಬಂದ ಪ್ರವೃತ್ತಿ, ಬಾಲ್ಯದ ಪೆಟ್ಟು, ಸಾಲ, ಒಂಟಿತನ, ದೀರ್ಘಕಾಲದ ದೇಹರೋಗ, ಹೆರಿಗೆಯ ಅನಂತರದ ದಿನಗಳು, ಹೀಗೆ ಅನೇಕ ಕಾರಣಗಳು ಹೆಣೆದುಕೊಂಡು ಅದು ಹುಟ್ಟುವುದರಿಂದ, "ಧೈರ್ಯ ತಂದುಕೋ" ಎಂಬ ಉಪದೇಶವೊಂದರಿಂದಲೇ ಅದು ಬಿಟ್ಟುಹೋಗುವುದಿಲ್ಲ. ಹಾಗೆ ಉಪದೇಶಿಸುವವರ ಪ್ರೀತಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ಧೈರ್ಯವೆಂಬುದೇ ಈ ರೋಗ ಮೊದಲು ಕಸಿದುಕೊಳ್ಳುವ ವಸ್ತುವೆಂಬುದನ್ನು ಅವರು ಅರಿಯಬೇಕು.

ಚಿಕಿತ್ಸೆಯ ದಾರಿಗಳು ಮುಖ್ಯವಾಗಿ ಎರಡು. ಔಷಧದ ದಾರಿ ತೆರೆದದ್ದು 1957ರಲ್ಲಿ, ಸ್ವಿಟ್ಜರ್ಲೆಂಡಿನ ರೋಲಾಂಡ್ ಕುನ್ ಎಂಬ ವೈದ್ಯರು ಇಮಿಪ್ರಮೀನ್ ಎಂಬ ದ್ರವ್ಯದ ಗುಣವನ್ನು ವರದಿ ಮಾಡಿದಾಗ. ಇಂದಿನ ಔಷಧಗಳು ಅದಕ್ಕಿಂತ ಸುರಕ್ಷಿತವಾದುವು. ಅವುಗಳ ಫಲ ಕಾಣಲು ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರಗಳಾದರೂ ಬೇಕು, ತಾವಾಗಿಯೇ ತಟ್ಟನೆ ನಿಲ್ಲಿಸಬಾರದು, ತೀವ್ರವಾದ ಖಿನ್ನತೆಯಲ್ಲಿ ಅವು ಅತ್ಯಾವಶ್ಯಕ. ಎರಡನೆಯದು ಮಾತಿನ ಚಿಕಿತ್ಸೆ. ಇದನ್ನು ಕುರಿತು ನಮ್ಮ ಜನದಲ್ಲಿರುವ ತಪ್ಪುತಿಳಿವಳಿಕೆ ಹೆಚ್ಚಾದುದರಿಂದ ಸ್ವಲ್ಪ ನಿಧಾನಿಸಿ ನೋಡುವುದು ಉಚಿತ.

ಒಬ್ಬ ರೈತನನ್ನು ಕಲ್ಪಿಸಿಕೊಳ್ಳೋಣ. ಕೊಳವೆಬಾವಿ ಬತ್ತಿತು, ತೋಟ ಒಣಗಿತು. ಮನಸ್ಸು ಕುಗ್ಗಿದ ಆತ ಬೆಳಗಿನ ಹೊತ್ತು ತೋಟಕ್ಕೆ ಹೋಗುವುದನ್ನು ಬಿಟ್ಟ; ಬಳಿಕ ಸಂತೆಯನ್ನು ಬಿಟ್ಟ, ಭಜನೆಯನ್ನು ಬಿಟ್ಟ, ಹೊಟೇಲಿನ ಮುಂದಿನ ಕಟ್ಟೆಯ ಹರಟೆಯನ್ನೂ ಬಿಟ್ಟ. ಒಂದೊಂದನ್ನು ಬಿಟ್ಟಾಗಲೂ ಆ ಕ್ಷಣಕ್ಕೆ ನಿರಾಳವೆನಿಸಿತು. ಆದರೆ ಮನಸ್ಸಿಗೆ ಒಂದಿಷ್ಟು ಸಂತೋಷವನ್ನೋ ಸಾರ್ಥಕತೆಯನ್ನೋ ತರುತ್ತಿದ್ದ ಬಾಗಿಲುಗಳೆಲ್ಲ ಒಂದಾದ ಮೇಲೊಂದು ಮುಚ್ಚಿಹೋಗಿ ಖಿನ್ನತೆ ಇಮ್ಮಡಿಸಿತು, ಅದು ಇಮ್ಮಡಿಸಿದ್ದರಿಂದ ಆತ ಇನ್ನಷ್ಟು ಹಿಂದೆ ಸರಿದ. ಚಿಕಿತ್ಸಕರು ಈ ಚಕ್ರವನ್ನು ಕಾಗದದ ಮೇಲೆ ಬರೆದು ತೋರಿಸುತ್ತಾರೆ. ಯಾವ ಹೊತ್ತಿನಲ್ಲಿ ಏನು ಮಾಡಿದಾಗ ಮನಸ್ಸು ಎಷ್ಟು ಹಗುರಾಯಿತೆಂದು ಒಂದು ವಾರ ಗುರುತು ಹಾಕಲು ಹೇಳುತ್ತಾರೆ. ಮನಸ್ಸು ಬಂದ ಮೇಲೆ ಕೆಲಸವೆಂದು ಕಾಯದೆ, ಅತ್ಯಂತ ಚಿಕ್ಕದಾದ ಒಂದು ಕೆಲಸವನ್ನು ಗೊತ್ತಾದ ವೇಳೆಗೆ ಮಾಡುವಂತೆ ಒಪ್ಪಿಸುತ್ತಾರೆ. ಕ್ರಿಯೆ ಮುಂದಾಗಿ ಉತ್ಸಾಹ ಅದನ್ನು ಹಿಂಬಾಲಿಸುವುದೆಂಬುದೇ ಇಲ್ಲಿನ ತತ್ತ್ವ.

ಅಮೆರಿಕದ ವೈದ್ಯ ಆರನ್ ಬೆಕ್ ರೂಪಿಸಿದ ಪದ್ಧತಿ ಇದಕ್ಕೆ ಇನ್ನೊಂದು ಅಂಗವನ್ನು ಕೂಡಿಸುತ್ತದೆ. "ಬಾವಿ ಬತ್ತಿತು" ಎಂಬುದು ಘಟನೆ; "ನಾನು ಮುಟ್ಟಿದ್ದೆಲ್ಲ ಹಾಳು, ಮನೆಯವರಿಗೆ ನಾನೊಂದು ಹೊರೆ" ಎಂಬುದು ಖಿನ್ನತೆ ಬರೆದ ವ್ಯಾಖ್ಯಾನ. ಆ ವ್ಯಾಖ್ಯಾನಕ್ಕೆ ಆಧಾರವೇನು, ಅದಕ್ಕೆ ವಿರುದ್ಧವಾದ ಸಾಕ್ಷ್ಯವೇನು ಎಂದು ರೋಗಿಯೂ ಚಿಕಿತ್ಸಕನೂ ಜೊತೆಗೂಡಿ ಪರೀಕ್ಷಿಸುತ್ತಾರೆ. ಇದು ಉಪದೇಶವಲ್ಲ, ಶಾಸ್ತ್ರೀಯವಾದ ಕಲಿಕೆ. ಆದುದರಿಂದಲೇ ಕಲಿತದ್ದು ಕೈಬಿಡುವುದು ಕಡಿಮೆ. 2005ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಔಷಧದಿಂದ ಗುಣವಾಗಿ ಅದನ್ನು ನಿಲ್ಲಿಸಿದವರ ಪೈಕಿ ಶೇ. 76ರಷ್ಟು ಮಂದಿಗೆ ವರ್ಷದೊಳಗೆ ರೋಗ ಮರುಕಳಿಸಿದರೆ, ಈ ಬಗೆಯ ಚಿಕಿತ್ಸೆ ಪಡೆದು ಮುಗಿಸಿದವರಲ್ಲಿ ಅದು ಶೇ. 31 ಮಾತ್ರವಾಗಿತ್ತು.

ಇದೆಲ್ಲ ಬೆಂಗಳೂರಿನಂಥ ನಗರದವರಿಗೆ, ಹಳ್ಳಿಗೆ ಇಷ್ಟು ಓದಿದವರನ್ನು ಎಲ್ಲಿಂದ ತರುವುದೆಂಬ ಪ್ರಶ್ನೆ ನ್ಯಾಯವಾದುದೇ. ನೆರೆಯ ಗೋವೆಯ ಹತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಡೆದ ಪ್ರಯೋಗವೊಂದು ಅದಕ್ಕೆ ಉತ್ತರ ಕೊಟ್ಟಿದೆ. ಮನೋವೈದ್ಯದ ಯಾವ ಪೂರ್ವಶಿಕ್ಷಣವೂ ಇಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಮೇಲೆ ಹೇಳಿದ ಕ್ರಿಯಾಪ್ರಧಾನ ಚಿಕಿತ್ಸೆಯನ್ನು ಆರರಿಂದ ಎಂಟು ಭೇಟಿಗಳಲ್ಲಿ ನೀಡುವಂತೆ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಅವರ ತಂಡದವರು ಏರ್ಪಡಿಸಿದರು. ಪ್ರಯೋಗಕ್ಕೆ ಸೇರಿದ 495 ಮಂದಿಯನ್ನು ಎರಡು ಪಂಗಡ ಮಾಡಲಾಗಿತ್ತು. ಮೂರು ತಿಂಗಳಾದ ಮೇಲೆ ನೋಡಿದಾಗ ಮಾತಿನ ಚಿಕಿತ್ಸೆ ದೊರೆತವರಲ್ಲಿ ಶೇ. 64, ದೊರೆಯದವರಲ್ಲಿ ಶೇ. 39ರಷ್ಟು ಮಂದಿ ಚೇತರಿಸಿಕೊಂಡಿದ್ದರು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಯೇ ಮನಸ್ಸಿಗೂ ಚಿಕಿತ್ಸೆಯೆಂಬ ಕಲ್ಪನೆ ನಮ್ಮ ನಾಡಿಗೆ ಹೊಸತೂ ಅಲ್ಲ: 1975ರಲ್ಲಿ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋವೈದ್ಯ ಆರ್. ಎಲ್. ಕಪೂರ್ ಅವರ ನೇತೃತ್ವದಲ್ಲಿ ಸಮುದಾಯ ಮನೋವೈದ್ಯ ವಿಭಾಗ ಆರಂಭವಾಯಿತು, ಬೆಂಗಳೂರಿನ ಬಳಿಯ ಸಕಲವಾರದ ಗ್ರಾಮಾಂತರ ಕೇಂದ್ರದ ಅನುಭವ ಬೆಳೆಯಿತು, 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ತೊಡಗಿದ ಯೋಜನೆಯೇ ಮುಂದೆ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ದೇಶಕ್ಕೆ ಮಾದರಿ ಕೊಟ್ಟ ನಾಡಿನ ಹೋಬಳಿಗಳಲ್ಲಿ ಇಂದಿಗೂ ತರಬೇತಾದ ಆಪ್ತಸಮಾಲೋಚಕರು ಸುಲಭವಾಗಿ ಕೈಗೆಟುಕದಿರುವುದು ನನಗೆ ವ್ಯಥೆಯ ಸಂಗತಿ.

ಆದರೂ ದಾರಿ ಇಲ್ಲವೆನ್ನುವಂತಿಲ್ಲ. 2014ರಲ್ಲಿ ರಾಜ್ಯ ಸರ್ಕಾರ ಪ್ರಾರಂಭಿಸಿದ ಮನೋಚೈತನ್ಯ ಕಾರ್ಯಕ್ರಮ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರನ್ನು ಕರೆತರುವ ಉದ್ದೇಶದ್ದು. ಶಿವಮೊಗ್ಗದಲ್ಲಿ ಮನೋವೈದ್ಯ ಡಾ. ಅಶೋಕ್ ಪೈ ಅವರು ಕಟ್ಟಿದ ಮಾನಸ ಸಂಸ್ಥೆ, ಅವರ ಲೇಖನಗಳು, ಚಲನಚಿತ್ರಗಳು ಈ ಭಾಗದ ಜನಕ್ಕೆ ಮನೋರೋಗದ ವಿಷಯವನ್ನು ನಾಚಿಕೆಯಿಲ್ಲದೆ ಮಾತನಾಡುವುದನ್ನು ಕಲಿಸಿದವು. ದೇವರಿಗೆ ಹರಕೆ ಹೊತ್ತವರು ವೈದ್ಯರಲ್ಲಿಗೆ ಹೋಗಬಾರದೆಂಬ ನಿಯಮ ಯಾವ ದೇವರದೂ ಅಲ್ಲ; ಎರಡೂ ನಡೆಯಲಿ.

ಮೊದಲ ಭೇಟಿಯಲ್ಲಿ ಮೈನೋವಿನ ಜೊತೆಗೆ, ಯಾತರ ಮೇಲೂ ಆಸೆಯಿಲ್ಲವೆಂಬ ಆ ನುಂಗಿಕೊಂಡ ಮಾತನ್ನೂ ಹೇಳಿದರೆ ವೈದ್ಯರ ಕೆಲಸ ಅರ್ಧ ಹಗುರಾಗುತ್ತದೆ. ಹೇಳಲಾರದವರ ಪರವಾಗಿ ಜೊತೆಗೆ ಬಂದ ಅಕ್ಕನೋ ಮಾವನೋ ಹೇಳಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಅದನ್ನು ಅಂದೇ ಹೇಳಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದವರೆಂದು ಭಾವಿಸಿ ಅವರನ್ನು ದಂಡಿಸದೆ ಉಪಚರಿಸಬೇಕೆಂಬುದು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯ ಆಶಯವಾದುದರಿಂದ, ಪೊಲೀಸಿನ ಭಯದಿಂದ ಬಾಯಿ ಕಟ್ಟಿಕೊಳ್ಳಬೇಕಾಗಿಲ್ಲ. ಬಸ್ಸು ಹಿಡಿಯುವ ಶಕ್ತಿಯೂ ಇಲ್ಲವೆನಿಸಿದ ದಿನ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯ ಮೂಲಕ ಹಗಲಿರುಳೆನ್ನದೆ ಕರೆ ಮಾಡಬಹುದು. ಹಣ ತೆರಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು, ಕರೆ ಮಾಡುವವರು ರೋಗಿಯೇ ಆಗಿರಬೇಕೆಂಬುದೂ ಇಲ್ಲ.