ಕೆರೆಗೆ ಯಾರ ಹೆಸರು?

ಶಿವಮೊಗ್ಗೆಯಿಂದ ಭದ್ರಾವತಿಗೆ ಹೋಗುವ ಹೆದ್ದಾರಿಯಲ್ಲಿ ಮಲವಗೊಪ್ಪವೆಂಬ ಊರಿದೆ. ಬಸ್ಸಿನಲ್ಲಿ ಕುಳಿತವರು ಗಮನಿಸುವ ಮೊದಲೇ ಅದು ಹಿಂದೆ ಸರಿದಿರುತ್ತದೆ. ಆದರೆ ನೀರನ್ನು ನೋಡಲೆಂದು ಹೊರಟವರಿಗೆ ಇದಕ್ಕಿಂತ ಅನುಕೂಲವಾದ ಬೀಡು ದೊರೆಯುವುದು ಕಷ್ಟ. ಒಂದು ಕಡೆ ಶಿವಮೊಗ್ಗೆಯ ತುಂಗೆ, ಇನ್ನೊಂದು ಕಡೆ ಭದ್ರಾವತಿಯ ಭದ್ರೆ. ಗಂಗಾಮೂಲದಲ್ಲಿ ಹುಟ್ಟಿ, ಬೇರೆ ಬೇರೆ ದಾರಿ ಹಿಡಿದ ಈ ಅಕ್ಕತಂಗಿಯರು ಕೂಡಲಿಯಲ್ಲಿ ಮತ್ತೆ ಒಂದಾಗುವ ಮುನ್ನ ತಮ್ಮ ನಡುವೆ ಬಿಟ್ಟುಕೊಂಡಿರುವ ನೆಲವಿದು. ಇಲ್ಲಿಂದ ಮೂಡಲಿಗೋ ಪಡುವಲಿಗೋ ತೆಂಕಲಿಗೋ ಹೊರಟರೆ ಸಂಜೆಯೊಳಗೆ ಒಂದು ದೊಡ್ಡ ಜಲರಾಶಿ ಎದುರಾಗುತ್ತದೆ. ಜೊತೆಯಲ್ಲಿ ಊರ ಗೆಳೆಯನೊಬ್ಬನಿರಬೇಕು, ಅಷ್ಟೆ. ನೀರಿನ ಅಂದವನ್ನು ಕಣ್ಣೇ ತೋರಿಸೀತು. ಅದರ ಅಡಿಯಲ್ಲಿ ಏನಿದೆಯೆಂಬುದನ್ನು ಹೇಳಲು ಸ್ಥಳೀಯನೇ ಬೇಕು.

ಭದ್ರಾವತಿಯನ್ನು ಬಿಟ್ಟು ತೆಂಕಲಿಗೆ ನಡೆದರೆ ಲಕ್ಕವಳ್ಳಿ. ಅಲ್ಲಿಯ ಭದ್ರಾ ಜಲಾಶಯಕ್ಕೆ 186 ಅಡಿಯ ಪೂರ್ಣ ಮಟ್ಟ, 71.5 ಟಿ.ಎಂ.ಸಿ. ನೀರಿನ ಸಾಮರ್ಥ್ಯ. ದಾವಣಗೆರೆಯ ಸೀಮೆಯ ಗದ್ದೆಗಳು ಹಸುರಾಗುವುದು ಇದರ ನಾಲೆಗಳಿಂದ. ದೋಣಿಯಲ್ಲಿ ಸಾಗುವ ಪ್ರವಾಸಿಗನಿಗೆ ಕಾಣುವುದು ಕಾಡು, ಬೆಟ್ಟ, ನಡುನಡುವೆ ಪುಟ್ಟ ನಡುಗಡ್ಡೆಗಳು. ಬೇಸಗೆಯಲ್ಲಿ ನೀರು ಇಳಿದಾಗ ಆ ನಡುಗಡ್ಡೆಗಳಲ್ಲಿ ನದಿ ರೀವ ಹಕ್ಕಿಗಳು ಗುಂಪುಗುಂಪಾಗಿ ಬಂದು ಮೊಟ್ಟೆಯಿಡುತ್ತವೆ. ಸೊಗಸಾದ ನೋಟವೇನೋ ಹೌದು. ಆದರೆ ಅವು ಹುಟ್ಟಿನಿಂದ ನಡುಗಡ್ಡೆಗಳಲ್ಲ, ಗುಡ್ಡದ ನೆತ್ತಿಗಳು. ಅವುಗಳ ಬುಡದಲ್ಲಿ ಗದ್ದೆಯಿತ್ತು, ಹಾದಿಯಿತ್ತು, ಮನೆಗಳಿದ್ದುವು. ಗೆಳೆಯ ಇಷ್ಟನ್ನು ಹೇಳಿದ ಮೇಲೆ ಹಕ್ಕಿಯ ಕೂಗೂ ಬೇರೆಯಾಗಿಯೇ ಕೇಳಿಸತೊಡಗುತ್ತದೆ.

ಮೂಡಲಿಗೆ ತಿರುಗಿ ಚನ್ನಗಿರಿಯ ಸೀಮೆಗೆ ಹೋದರೆ ಇದಕ್ಕಿಂತ ಬಹಳ ಹಳೆಯದಾದ ಇನ್ನೊಂದು ಜಲರಾಶಿ: ಸೂಳೆಕೆರೆ. ಎರಡು ಗುಡ್ಡಗಳ ನಡುವಣ ಕಣಿವೆಯಲ್ಲಿ ಹರಿದ್ರಾ ಹೊಳೆಗೆ ಅಡ್ಡಲಾಗಿ ಹಾಕಿದ ಏರಿ ಅಷ್ಟೇನೂ ಉದ್ದವಾದುದಲ್ಲ. ಅದು ತಡೆದಿರುವ ನೀರಿನ ಸುತ್ತಳತೆಯಾದರೋ ತುಂಬಿದಾಗ 40 ಮೈಲಿಯೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಸಿದ್ಧ ಮತ್ತು ಬಸವ ಎಂಬುವು ಅದರ ಎರಡು ತೂಬುಗಳು. ಚಿತ್ರದುರ್ಗದ ಜನ ಕುಡಿಯುವುದೂ ಈ ಕೆರೆಯ ನೀರನ್ನೇ.

ಏರಿಯ ಮೇಲೆ ನಿಂತ ಸ್ಥಳೀಯರು ತಪ್ಪದೆ ಹೇಳುವ ಐತಿಹ್ಯವೊಂದಿದೆ. ರಾಜಪುತ್ರಿ ಶಾಂತವ್ವೆ ಕೆರೆ ಕಟ್ಟಿಸಲು ಸಂಕಲ್ಪಿಸಿದಳು. ಆದರೆ ನೀರು ನಿಲ್ಲಬೇಕಾದ ನೆಲ ಸೂಳೆಯರದಾಗಿತ್ತು. ಅವರು ನೆಲ ಕೊಡಲು ಒಪ್ಪಿದರು. ಹೊನ್ನನ್ನು ಕೇಳಲಿಲ್ಲ, ಕೆರೆಗೆ ತಮ್ಮ ಹೆಸರಿರಬೇಕೆಂದು ಕೇಳಿದರು. ಸಮಾಜ ಕೀಳೆಂದು ಬಗೆದ ಹೆಂಗಸರ ಹೆಸರು ಹೀಗೆ ಒಂದು ಸಾಗರದಂತಹ ಕೆರೆಗೆ ನಿಂತಿತು. ಇಂದು ಕಾಗದಪತ್ರಗಳಲ್ಲಿಯೂ ಫಲಕಗಳಲ್ಲಿಯೂ ಅದು ಶಾಂತಿಸಾಗರ. ಆ ಹೆಸರು ಕಿವಿಗೆ ಇಂಪಾಗಿದೆ, ಕಟ್ಟಿಸಿದವಳ ನೆನಪೂ ಅದರಲ್ಲಿದೆ. ಆದರೆ ನೆಲ ಕೊಟ್ಟವರ ನೆನಪು? ಸುತ್ತಲಿನ ಹಳ್ಳಿಯವರು ಇಂದಿಗೂ ಸೂಳೆಕೆರೆಯೆಂದೇ ಕರೆಯುತ್ತಾರೆ. ಒಪ್ಪಂದವನ್ನು ನಡೆಸಿಕೊಂಡು ಬಂದಿರುವವರು ಅವರೇ.

ಕೊಟ್ಟವರನ್ನು ಮರೆಯುವುದು ನಮ್ಮ ನಾಡಿನ ಮಾತು ಮಾತ್ರವಲ್ಲ. ಮಧ್ಯ ಅಮೆರಿಕದ ಪನಾಮಾ ಕಾಲುವೆಯಲ್ಲಿ ಹಡಗುಗಳು ಗಾತುನ್ ಎಂಬ ಸರೋವರವನ್ನು ದಾಟುತ್ತವೆ. 1914ರಲ್ಲಿ ತೆರೆದ ಆ ಕಾಲುವೆಗಾಗಿ ಚಾಗ್ರೆಸ್ ನದಿಗೆ ಅಣೆ ಕಟ್ಟಿದಾಗ ಹುಟ್ಟಿದ ಸರೋವರವದು. ಅಲ್ಲಿಯೂ ಗುಡ್ಡದ ನೆತ್ತಿಗಳು ನಡುಗಡ್ಡೆಗಳಾದುವು. ಗಾತುನ್ ಹಳ್ಳಿ ತನ್ನ ಜಾಗವನ್ನು ಬಿಟ್ಟು ಕದಲಬೇಕಾಯಿತು. ಅದರ ಹೆಸರಾದರೂ ನೀರಿಗೆ ಉಳಿಯಿತು. ಹಳೆಯ ರೈಲುದಾರಿಯಲ್ಲಿದ್ದ ಗೊರ್ಗೋನಾದಂತಹ ಊರುಗಳ ಪಾಲಿಗೆ ಅಷ್ಟೂ ಒದಗಲಿಲ್ಲ. ಹಡಗಿನ ಅಟ್ಟದ ಮೇಲೆ ನಿಂತು ನೋಡುವ ಯಾತ್ರಿಕರಲ್ಲಿ ಎಷ್ಟು ಮಂದಿಗೆ ಅವುಗಳ ಸುಳಿವಿದ್ದೀತು?

ಮಲವಗೊಪ್ಪದಿಂದ ಪಡುವಲಿಗೆ, ಸಾಗರದ ಹಾದಿ ಹಿಡಿದರೆ ಇದೇ ಪ್ರಶ್ನೆ ಇನ್ನೂ ಹತ್ತಿರ ಬರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಶರಾವತಿಯ ಕಣಿವೆ ಹಿನ್ನೀರಾಯಿತು. ನಾಡಿನ ನಗರಗಳಿಗೆ ಬೆಳಕು ಬಂತು. ಕಣಿವೆಯ ಕುಟುಂಬಗಳು ಪಾತ್ರೆಪಡಗ, ದನಕರು, ಮನೆದೇವರ ಸಮೇತ ಹೊರಟು, ಶಿವಮೊಗ್ಗೆಯ ಆಸುಪಾಸಿನ ಕಾಡಂಚುಗಳಲ್ಲಿ ಹೊಸದಾಗಿ ಒಲೆ ಹೂಡಿದರು. ಅವರಿಗೆ ಕೊಟ್ಟ ಭೂಮಿಯ ಹಕ್ಕಿನ ಪ್ರಶ್ನೆ ಅರಣ್ಯ ಕಾನೂನುಗಳ ನಡುವೆ ಸಿಕ್ಕಿಕೊಂಡು, ಆರು ದಶಕಗಳು ಕಳೆದರೂ ಪೂರ್ತಿಯಾಗಿ ಬಗೆಹರಿದಿಲ್ಲ. ದೀಪವನ್ನು ಹಚ್ಚುವ ಕೈ ಇದನ್ನು ನೆನೆಯುವುದು ಅಪರೂಪ.

ಸಿಗಂದೂರಿಗೆ ಹೋಗುವವರು ಬಹುಕಾಲ ಈ ಹಿನ್ನೀರನ್ನು ಲಾಂಚಿನಲ್ಲಿ ದಾಟುತ್ತಿದ್ದರು. ಸರದಿಗಾಗಿ ಕಾಯುವ ಹೊತ್ತಿನಲ್ಲಿ ಪಕ್ಕದ ಮುದುಕರೊಡನೆ ಮಾತಿಗೆ ಅವಕಾಶವಿತ್ತು. 2025ರ ಜುಲೈಯಲ್ಲಿ ಸುಮಾರು ಎರಡೂವರೆ ಕಿಲೋಮೀಟರ್ ಉದ್ದದ ಸೇತುವೆ ತೆರೆದು, ಹಿನ್ನೀರಿನಾಚೆಯ ಜನರ ದೀರ್ಘಕಾಲದ ಬವಣೆ ತಪ್ಪಿತು; ಅದು ಸಂತೋಷದ ಸಂಗತಿಯೇ. ಈಗ ಕಾರಿನಲ್ಲಿ ಹೋಗುವವರಿಗೆ ಆ ನೀರು ಕೆಲವೇ ನಿಮಿಷಗಳ ನೋಟ. ಆದುದರಿಂದಲೇ ಜೊತೆಯ ಗೆಳೆಯನ ಕೆಲಸ ಹೆಚ್ಚಿತು.

ಕಡುಬೇಸಗೆಯಲ್ಲಿ ಲಿಂಗನಮಕ್ಕಿಯ ನೀರು ತೀರ ಇಳಿದಾಗ, ಅದಕ್ಕಿಂತ ಹಿಂದಿನ ಮಡೆನೂರು ಅಣೆಕಟ್ಟು ತಲೆಯೆತ್ತುತ್ತದೆ. 1948ರ ಸುಮಾರಿಗೆ ಅದೂ ಹೊಸತಾಗಿತ್ತು, ತಾನೂ ನೆಲವನ್ನು ಮುಳುಗಿಸಿತ್ತು. ಕಡೆಗೆ ತಾನೇ ಮುಳುಗಿತು. ಜನ ತಂಡತಂಡವಾಗಿ ಹೋಗಿ ಅದರ ಮುಂದೆ ನಿಂತು ಚಿತ್ರ ತೆಗೆದುಕೊಳ್ಳುತ್ತಾರೆ. ಅವರ ನಡುವೆ ಒಬ್ಬ ಹಿರಿಯ, ಕೆಸರು ಒಣಗಿ ಬಿರುಕು ಬಿಟ್ಟ ಬಯಲ ಕಡೆಗೆ ಕೈಚಾಚಿ ಊರುಗಳ ಹೆಸರನ್ನು ಒಂದೊಂದಾಗಿ ಹೇಳುತ್ತಿರುವುದುಂಟು. ಅಂಥವರು ಸಿಕ್ಕರೆ, ಚಿತ್ರವನ್ನು ಆಮೇಲೆ ತೆಗೆದರಾಯಿತು. ಆ ಹೆಸರುಗಳನ್ನು ಮಕ್ಕಳಿಂದ ಒಂದು ಹಾಳೆಯಲ್ಲಿ ಬರೆಸಿಕೊಳ್ಳುವುದು ಲೇಸು. ಮಳೆ ಹಿಡಿದರೆ ನೀರು ಮತ್ತೆ ಏರುತ್ತದೆ.