ಎಂಜಿನ್ ಕೂಗುತ್ತದೆ, ಕಾರು ಏರುವುದಿಲ್ಲ

ಹಳೆಯ ಮಾರುತಿ 800ರ ಕ್ಲಚ್ ಹೇಗಿದೆ ಎಂಬುದು ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುವಾಗ ಗೊತ್ತಾಗುತ್ತದೆ. ಊರೊಳಗೆ ತಕರಾರಿಲ್ಲದೆ ಓಡಿದ ಗಾಡಿ, ನಾಲ್ಕು ಜನ ಕೂತು ಏರಿನಲ್ಲಿ ಆಕ್ಸಿಲರೇಟರ್ ತುಳಿದರೆ ಬರೀ ಸದ್ದು ಮಾಡುತ್ತದೆ, ವೇಗ ಏರುವುದಿಲ್ಲ. ಜತೆಗೆ ಬ್ರೇಕ್ ಲೈನರ್ ಕಾದಂಥ ಸುಟ್ಟ ವಾಸನೆ. ಪಿಕಪ್ ಇಲ್ಲ ಎಂದು ಕಾರ್ಬ್ಯುರೇಟರ್ ಬಿಚ್ಚಿಸುವವರಿದ್ದಾರೆ. ಪೆಟ್ರೋಲ್ ಸರಿಯಾಗಿ ಬಾರದಿದ್ದರೆ ಎಂಜಿನ್ ಸದ್ದೂ ಮಂಕಾಗುತ್ತದೆ. ಸದ್ದು ಮೇಲೇರಿ ಗಾಡಿ ಹಿಂದೆ ಬಿದ್ದರೆ ಅನುಮಾನ ಕ್ಲಚ್ಚಿನ ಮೇಲೆ.

ಗೇರ್‌ಬಾಕ್ಸ್ ಇಳಿಸಲು ಒಪ್ಪುವ ಮೊದಲು ಪೆಡಲ್ ನೋಡಿ. ಎಂಜಿನ್ ಆಫ್ ಮಾಡಿ, ಬಗ್ಗಿ ಕೈಯಿಂದ ಒತ್ತಿ. ಮೊದಲ ಒಂದೂವರೆ, ಎರಡು ಸೆಂಟಿಮೀಟರ್ ಸಡಿಲವಾಗಿ ಹೋಗಿ ಆಮೇಲೆ ಬಿಗಿ ಸಿಗಬೇಕು. ಇದೇ ಫ್ರೀ ಪ್ಲೇ. ಮುಟ್ಟಿದ ಕೂಡಲೇ ಬಿಗಿಯಿದ್ದರೆ ಕೇಬಲ್ ಎಳೆದುಕೊಂಡೇ ಇದೆ ಎಂದರ್ಥ.

ಸವೆದರೆ ಸಡಿಲವಾಗಬೇಕಲ್ಲವೇ, ಬಿಗಿಯಾಗುವುದೇಕೆ? ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟ್ ನಡುವೆ ಕ್ಲಚ್ ಪ್ಲೇಟ್ ಸಿಕ್ಕಿಕೊಂಡಿರುತ್ತದೆ. ಅದು ತೆಳುವಾದಷ್ಟೂ ಪ್ರೆಶರ್ ಪ್ಲೇಟ್ ಫ್ಲೈವೀಲ್ ಕಡೆಗೆ ಸರಿಯುತ್ತದೆ. ಅದರ ಸ್ಪ್ರಿಂಗ್‌ನ ಬೆರಳುಗಳು ಹೊರಕ್ಕೆ ಚಾಚಿ ರಿಲೀಸ್ ಬೇರಿಂಗ್‌ಗೆ ತಾಗುತ್ತವೆ. ಆಗ ನೀವು ಕಾಲಿಡದಿದ್ದರೂ ಕ್ಲಚ್ ಅರೆಬರೆ ಒತ್ತಿದಂತೆಯೇ. ಪೆಡಲ್ ತೀರಾ ಮೇಲೆ ಬಂದಾಗ ಗಾಡಿ ಹೊರಡುವುದೂ ಇದಕ್ಕೇ. ಗೇರ್‌ಬಾಕ್ಸ್ ಕಡೆಯ ಕೇಬಲ್ ತುದಿಯ ನಟ್ ಸಡಿಲಿಸಿ ಫ್ರೀ ಪ್ಲೇ ಕೊಟ್ಟರೆ, ಪ್ಲೇಟ್‌ನಲ್ಲಿ ಲೈನಿಂಗ್ ಉಳಿದಿದ್ದರೆ, ಸ್ಲಿಪ್ ಅಲ್ಲಿಗೇ ನಿಲ್ಲಬಹುದು. ಕೇಬಲ್ ತುಕ್ಕು ಹಿಡಿದು ಪೂರ್ತಿ ಹಿಂದಿರುಗದಿದ್ದರೆ ಮೊದಲು ಅದನ್ನು ಬದಲಿಸಿ.

ಅಡ್ಜಸ್ಟ್ ಆದ ಮೇಲೆ ಖಾಲಿಯಿರುವ ಸಮತಟ್ಟು ರಸ್ತೆಯಲ್ಲಿ ನಾಲ್ಕನೇ ಗೇರ್, ಗಂಟೆಗೆ ಸುಮಾರು 40 ಕಿ.ಮೀ. ವೇಗ, ಆಕ್ಸಿಲರೇಟರ್ ಪೂರ್ತಿ ತುಳಿಯಿರಿ. ಈ ಕಾರುಗಳಲ್ಲಿ ಆರ್‌ಪಿಎಂ ಮೀಟರ್ ಇಲ್ಲದ್ದರಿಂದ ಕಿವಿಯೇ ಗತಿ. ಸದ್ದು ಒಮ್ಮೆಲೇ ಏರಿ ಸ್ಪೀಡೋಮೀಟರ್ ಮುಳ್ಳು ಮಿಸುಕದಿದ್ದರೆ ಕ್ಲಚ್ ಜಾರುತ್ತಿದೆ. ಒಂದೆರಡು ಸಲ ಸಾಕು, ಪರೀಕ್ಷೆಯೇ ಉಳಿದ ಲೈನಿಂಗ್ ಸುಡುತ್ತದೆ. ನಿಂತ ಗಾಡಿಯಲ್ಲಿ ಬ್ರೇಕ್ ಒತ್ತಿ, ಟಾಪ್ ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ ಆಫ್ ಆಗುತ್ತದೆಯೇ ಎಂದು ನೋಡುವ ಪದ್ಧತಿಯೂ ಇದೆ. ಅದು ಪೂರ್ತಿ ಹೋದ ಕ್ಲಚ್ಚನ್ನಷ್ಟೇ ಹಿಡಿದುಕೊಡುತ್ತದೆ. ಆಗಷ್ಟೇ ಜಾರಲು ತೊಡಗಿದ್ದು ಅದರಲ್ಲಿ ಪಾಸಾಗಿಬಿಡುತ್ತದೆ.

ಗೇರ್ ಹಾಕುವಾಗ ಕರಕರ ಎಂದರೆ ಅದು ಬೇರೆಯೇ ಕಾಯಿಲೆ: ಅಲ್ಲಿ ಕ್ಲಚ್ ಪೂರ್ತಿ ಬಿಡುತ್ತಿಲ್ಲ.

ಫ್ರೀ ಪ್ಲೇ ಸರಿಯಿದ್ದೂ ಜಾರಿದರೆ ಗೇರ್‌ಬಾಕ್ಸ್ ಇಳಿಸದೆ ವಿಧಿಯಿಲ್ಲ. ಹಳೆಯ ಪ್ಲೇಟನ್ನು ಕೇಳಿ ಕೈಗೆ ತೆಗೆದುಕೊಳ್ಳಿ. ರಿವೆಟ್ ತಲೆ ಮಟ್ಟಕ್ಕೆ ಲೈನಿಂಗ್ ಇಳಿದಿದ್ದರೆ ಅದು ಸವೆತ. ದಪ್ಪವಿದ್ದೂ ಕಪ್ಪಗೆ ಜಿಡ್ಡು ಹಿಡಿದಿದ್ದರೆ ಆಯಿಲ್ ಸೀಲ್ ಸೋರಿದೆ. ಸೀಲ್ ಬಿಟ್ಟು ಹೊಸ ಪ್ಲೇಟ್ ಹಾಕಿಸಿದರೆ ಅದೂ ಹಾಗೇ ಹಾಳಾಗುತ್ತದೆ. ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೇ ಬದಲಿಸಿ. ಒಂದನ್ನು ಉಳಿಸಿಕೊಂಡು ಅದು ಕೈಕೊಟ್ಟರೆ, ಗೇರ್‌ಬಾಕ್ಸ್ ಇಳಿಸುವ ಕೂಲಿಯನ್ನು ಇನ್ನೊಮ್ಮೆ ಕೊಡಬೇಕಾಗುತ್ತದೆ.